ಲಗಮವ್ವನ ಎದೆಗಲ್ಲು

ಎಪ್ಪತ್ತನಾಲ್ಕನೆಯ ಇಸವಿಯ ಬೇಸಿಗೆಯಲ್ಲಿ ಒಂದು ಮುಂಜಾನೆ ಲಗಮವ್ವ, ಇನ್ನೂ ಬದುಕಿದ್ದ ಮುದುಕಿಯೊಬ್ಬಳ ಮನೆಯ ಮುಂದೆ ನಿಂತು ಬಾಯಿ ಬಡಿದುಕೊಂಡು ಅತ್ತಳು. ತಪ್ಪು ಅವಳದಲ್ಲ. ಅಂಗಳದಲ್ಲಿ ಹೆಣ ಕೂರಿಸಿ ಒಯ್ಯುವ ಬಿದಿರಿನ ವಿಮಾನ ಕಟ್ಟಿ, ನಾಲ್ಕು ಮೂಲೆಗೆ ಬಾಳೆಕಂದು ಬಿಗಿದು ನಿಲ್ಲಿಸಿದ್ದರು. ಬುಟ್ಟಿಯಲ್ಲಿ ಹೂವಿನ ಮಾಲೆಗಳಿದ್ದವು, ಮೇಲೆ ಒದ್ದೆ ಬಟ್ಟೆ ಹೊದಿಸಿತ್ತು. ಇಷ್ಟೆಲ್ಲ ಕಣ್ಣಾರೆ ಕಂಡಮೇಲೆ ಒಳಗಿನವರು ಉಸಿರಾಡುತ್ತಿದ್ದಾರೆಂದು ಯಾರು ತಾನೆ ತಿಳಿದಾರು?

ಆ ಮುಂಜಾನೆಯ ಮಾತಿಗೆ ಬರುವ ಮೊದಲು ಲಗಮವ್ವ ಯಾರು, ಅವಳ ಕಲ್ಲು ಎಂಥದು ಅನ್ನುವುದನ್ನು ಹೇಳಬೇಕು. ಊರು ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವ ದಾರಿಯಿಂದ ಒಳಗೆ, ಮಲಪ್ರಭೆಯ ದಂಡೆಗೆ. ಊರಿನ ಹೆಸರು ಬೇಡ. ಹೇಳಿದರೆ ಆ ಮನೆಯ ಮೊಮ್ಮಕ್ಕಳು ಇವತ್ತಿಗೂ ಮುಖ ಊದಿಸಿಕೊಂಡು ಕೂರುತ್ತಾರೆ. ಲಗಮವ್ವ ಕೆಳಗಿನ ಕೇರಿಯವಳು, ಐವತ್ತರ ಆಸುಪಾಸಿನ ಹೆಂಗಸು. ಕೈಕಾಲು ಸಣ್ಣ, ದನಿ ದೊಡ್ಡದು. ಗಂಡ ಕಾಡಪ್ಪ ಸಾವಿನ ಸುದ್ದಿ ಒಯ್ಯುವವನು. ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಬೈಲಹೊಂಗಲ, ಕಿತ್ತೂರು, ಸವದತ್ತಿ ಎಂದು ಬೀಗರಿದ್ದ ಊರಿಗೆಲ್ಲ ಹೋಗಿ ಹೇಳಿ ಬರುವುದು ಅವನ ಮನೆತನಕ್ಕೆ ಅಂಟಿದ ಕೆಲಸ. ಬೆಳಗಾವಿಯಲ್ಲಿದ್ದ ಅವನ ತಮ್ಮ ಸೋಮಪ್ಪ ಬೌದ್ಧನಾಗಿದ್ದ. ಬಂದಾಗಲೆಲ್ಲ, “ಮಂದಿ ಸಾವು ಹೊರೂದು ಬಿಡೋ ಅಣ್ಣಾ” ಎಂದು ತಿಳಿಹೇಳುತ್ತಿದ್ದ. ಕಾಡಪ್ಪ ಹೂಂ ಹೂಂ ಎನ್ನುತ್ತಿದ್ದ. ಮರುದಿನ ಕರೆ ಬಂದರೆ ಹೆಗಲಿಗೆ ಕಂಬಳಿ ಏರಿಸಿಕೊಂಡು ಹೊರಟೇಬಿಡುತ್ತಿದ್ದ.

ಗಂಡನದು ಸುದ್ದಿಯಾದರೆ ಹೆಂಡತಿಯದು ಕಲ್ಲು. ಎರಡು ಬೆರಳಗಲದ, ವೀಳ್ಯದೆಲೆಯ ಆಕಾರದ, ಹಾಲು ಬೆರೆತಂಥ ತಿಳಿಹಸಿರು ಕಲ್ಲು. ಮೇಲ್ಗಡೆ ದಾರ ಪೋಣಿಸಲು ಒಂದು ತೂತು. ದೀಪಕ್ಕೆ ಹಿಡಿದರೆ ಅಂಚಿನಲ್ಲಿ ಬೆಳಕು ಹಾಯುತ್ತಿತ್ತು. ಮುಟ್ಟಿದರೆ ಎಣ್ಣೆ ಸವರಿದ ಹಾಗೆ ನುಣುಪು. ಕುಡುಗೋಲಿನ ಮೊನೆಯಿಂದ ಗೀರಿದರೂ ಗೆರೆ ಬೀಳುತ್ತಿರಲಿಲ್ಲ. ಕಬ್ಬಿಣವೇ ಸವೆದು ಕಲ್ಲಿನ ಮೇಲೆ ಕಪ್ಪು ಬಿಟ್ಟು ಹೋಗುತ್ತಿತ್ತು, ಒರೆಸಿದರೆ ಅದೂ ಇಲ್ಲ. ಎಲ್ಲಕ್ಕಿಂತ ಹೆಚ್ಚಿನದು ಅದರ ತಂಪು. ಚೈತ್ರದ ಬಿಸಿಲಲ್ಲಿ ಬಂಡೆಗಳೆಲ್ಲ ಕಾದು ಕೆಂಡವಾದಾಗಲೂ ಅದನ್ನು ಕೆನ್ನೆಗೆ ಒತ್ತಿದರೆ ಬಾವಿಯೊಳಗಿನ ಗಾಳಿ ಬಡಿದಂತಾಗುತ್ತಿತ್ತು.

ರಾಮದುರ್ಗದ ಹಕೀಮರೊಬ್ಬರು ಅದನ್ನು ನೋಡಿ, “ಇದು ಯಶಬ್ ಐತಿ. ಹೌಲದಿಲಿ ಅಂತೀವಿ. ಎದಿ ಹಾರಾವ್ರಿಗೆ ಎದಿಮ್ಯಾಲ ಕಟ್ಟೂದು” ಎಂದಿದ್ದರು. ಬೈಲಹೊಂಗಲದ ಪತ್ತಾರ ಒರೆಗೆ ಹಚ್ಚಿ ನೋಡಿ, ಪಚ್ಚೆಯೂ ಅಲ್ಲ, ಗಾಜೂ ಅಲ್ಲ ಎಂದು ಹಿಂದಕ್ಕೆ ಕೊಟ್ಟ. ಸಾಲಿ ಮಾಸ್ತರರು ಮಾತ್ರ ಇಂಗ್ಲಿಷಿನಲ್ಲಿ ಜೇಡ್ ಅಂತಾರೆ ಎಂದರು. ಚೀನಾ ದೇಶದಲ್ಲಿ ರಾಜರ ಹೆಣ ಕೆಡಬಾರದೆಂದು ಇದೇ ಕಲ್ಲಿನ ಬಿಲ್ಲೆಗಳನ್ನು ತಂತಿಯಿಂದ ಹೆಣೆದು ಅಂಗಿ ತೊಡಿಸುತ್ತಿದ್ದರಂತೆ, ಪೇಪರಿನಲ್ಲಿ ಬಂದಿದೆ ಎಂದರು. ಲಗಮವ್ವನಿಗೆ ನಗು ಬಂತು. “ಸತ್ತವ್ರಿಗೆ ಯಾತಕ್ಕರಿ ಮಾಸ್ತರ? ಇದು ಬದುಕಿದ್ದವ್ರ ಕಲ್ಲು” ಎಂದಳು. ಕೇರಿಯಲ್ಲಿ ಅದಕ್ಕೆ ಎದೆಗಲ್ಲು ಎಂದೇ ಹೆಸರು.

ಅದು ಅವಳ ಅತ್ತೆ ಕೆಂಪವ್ವನಿಂದ ಬಂದದ್ದು. ಕೆಂಪವ್ವ ಸೂಲಗಿತ್ತಿ. ಯಾವುದೋ ವಾಡೆಯಲ್ಲಿ ಅಡ್ಡ ತಿರುಗಿದ್ದ ಕೂಸನ್ನು ತಿರುಗಿಸಿ ಹೆರಿಗೆ ಮಾಡಿಸಿದ್ದಕ್ಕೆ ಅಲ್ಲಿಯ ಹಿರಿಯಳು ಇದನ್ನು ಉಡಿಗೆ ಹಾಕಿದ್ದಳಂತೆ. ಕಿತ್ತೂರ ಕೋಟೆ ಲೂಟಿಯಾದಾಗ ಯಾರೋ ಸರದಾರನ ಕಠಾರಿಯ ಹಿಡಿಕೆ ಒಡೆದು ಬಿದ್ದ ಚೂರಿದು ಎಂದೂ ಕೆಂಪವ್ವ ಹೇಳುತ್ತಿದ್ದಳು. ಅದಕ್ಕೆ ಸಾಕ್ಷಿ ಕೆಂಪವ್ವನ ಬಾಯಿ ಒಂದೇ.

ಸೊಸೆಗೆ ಕಲ್ಲು ಕೊಡುವಾಗ ಕೆಂಪವ್ವ ಅದರ ಕಟ್ಟಳೆಗಳನ್ನೂ ಕೊಟ್ಟಳು. ಎದೆ ಡವಡವ ಎನ್ನುವವರಿಗೆ, ಹೆದರಿದವರಿಗೆ, ಸೋಮವಾರ ಮುಂಜಾನೆ ಹಸಿ ನೂಲಿನಲ್ಲಿ ಎಡಗಡೆಗೆ ಕಟ್ಟಬೇಕು. ಕಲ್ಲು ಎದೆಯನ್ನು ಹಿಡಿದು ನಿಲ್ಲಿಸುತ್ತದೆ. ಕಟ್ಟಿಕೊಂಡವರಿಗೆ ನೀರಡಿಕೆ ಆಗುವುದಿಲ್ಲ, ಯಾಕೆಂದರೆ ತಂಪು ಕಲ್ಲಿನಿಂದಲೇ ಇಳಿಯುತ್ತಿರುತ್ತದೆ; ಬೇನೆ ಜೋರಾದಾಗ ನೀರು ಕುಡಿಸಬಾರದು, ಕುಡಿಸಿದರೆ ತಂಪಿಗೆ ತಂಪು ಕೂಡಿ ಎದೆ ಕಲ್ಲಾಗಿ ನಿಂತುಬಿಡುತ್ತದೆ. ಇನ್ನೊಂದು ಮಾತು: ಎದೆಯ ಮೇಲೆ ಅದು ಇರುವ ತನಕ ಜೀವ ಹೋಗುವುದಿಲ್ಲ. ಕಾಲ ಬಂದಾಗ ಕಲ್ಲಿನವಳೇ ಬಂದು ಬಿಚ್ಚಬೇಕು. ಬೇರೆಯವರು ಬಿಚ್ಚಿದರೆ ಆ ಬೇನೆ ಬಿಚ್ಚಿದವರ ಎದೆಗೆ ಹತ್ತುತ್ತದೆ.

ನೀರಡಿಕೆಯ ಮಾತಿಗೆ ಲಗಮವ್ವನ ಹತ್ತಿರ ತನ್ನದೇ ಪುರಾವೆ ಇತ್ತು. ಕಲ್ಲು ಮನೆಯಲ್ಲಿದ್ದ ದಿನಗಳಲ್ಲಿ ಅವಳು ಕಳೆ ತೆಗೆಯಲು ಹೋಗುವಾಗ ಅದನ್ನು ದವಡೆಗೆ ಇಟ್ಟುಕೊಂಡು ಹೋಗುತ್ತಿದ್ದಳು. ಬಾಯಲ್ಲಿ ನೀರೂರುತ್ತಿತ್ತು, ಮಧ್ಯಾಹ್ನದ ತನಕ ಗಡಿಗೆಯ ನೆನಪು ಬರುತ್ತಿರಲಿಲ್ಲ. ಯಾವ ಹೊಳೆಗಲ್ಲನ್ನು ಇಟ್ಟುಕೊಂಡಿದ್ದರೂ ಬಾಯಲ್ಲಿ ನೀರೂರುತ್ತಿತ್ತೆಂದು ಅವಳಿಗೆ ಹೇಳುವವರು ಯಾರು?

ಮೊದಲು ಬಿಚ್ಚಿದ್ದು ಕೆಂಪವ್ವನಿಗೇ. ಅದು ಹನ್ನೆರಡು ವರ್ಷದ ಹಿಂದಿನ ಮಾತು. ಜ್ವರದಲ್ಲಿ ಬಿದ್ದಿದ್ದ ಮುದುಕಿ ಅಂದು ಸೊಸೆಯ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಒಣಗಿದ ನಾಲಿಗೆಯನ್ನು ತುಟಿಯ ಮೇಲೆ ಆಡಿಸಿದಳು. ಕಣ್ಣನ್ನು ಮೂಲೆಯ ಕಡೆಗೆ ಹೊರಳಿಸಿದಳು, ಮತ್ತೆ ಸೊಸೆಯ ಮುಖ ನೋಡಿದಳು, ಮತ್ತೆ ಮೂಲೆ ನೋಡಿದಳು. “ಹಿರ್ಯಾರು ಬಂದು ಮೂಲ್ಯಾಗ ನಿಂತಾರ, ಬಿಚ್ಚಬೇ” ಎಂದು ನೆರೆದವರು ಅವಸರಿಸಿದರು. ಲಗಮವ್ವ ಅಳುತ್ತ ಬಿಚ್ಚಿದಳು. ಸಂಜೆಯೊಳಗೆ ಮುದುಕಿ ಹೋದಳು. ಆಮೇಲೆ ಊರಲ್ಲೂ ಸುತ್ತಮುತ್ತಲೂ ಮತ್ತೆ ಹತ್ತು ಮಂದಿಗೆ ಬಿಚ್ಚಿದಳು. ಹನ್ನೊಂದೂ ಜೀವ ಅರ್ಧ ದಿನದೊಳಗೆ ಹೋದವು. ಪುಣ್ಯದ ಕೈ ಎಂದರು. ಅವಳೂ ಹಾಗೆಯೇ ನಂಬಿದ್ದಳು, ಆ ಕೈಯನ್ನು ಜೋಪಾನ ಮಾಡಿಕೊಂಡಿದ್ದಳು.

ಆದರೆ ದೊಡ್ಡ ಮನೆಯ ಹೊಸ್ತಿಲನ್ನು ಮಾತ್ರ ಆ ಪುಣ್ಯದ ಕೈ ದಾಟಿರಲಿಲ್ಲ. ದೊಡ್ಡ ಮನೆಯ ರಾಚವ್ವ ಎಪ್ಪತ್ತು ದಾಟಿದ ಮುದುಕಿ, ಸಾವ್ಕಾರರ ವಿಧವೆ. ಮಗ ಅಂದಾನೆಪ್ಪ, ಸೊಸೆ ಕೆಂಚವ್ವ. ಮಾಘದಲ್ಲಿ ರಾಚವ್ವನಿಗೆ ಎದೆ ಹಾರುವುದು ಶುರುವಾದಾಗ ಕಲ್ಲಿಗೆ ಹೇಳಿಕಳಿಸಿದರು. ಲಗಮವ್ವ ದನದ ಅಂಕಣದ ಬಾಗಿಲಲ್ಲಿ ನಿಂತಳು. ಕೆಂಚವ್ವ ನೀರು ತುಂಬಿದ ಬೋಗುಣಿಯನ್ನು ಹೊಸ್ತಿಲ ಈಚೆ ಇಟ್ಟು ಸರಿದು ನಿಂತಳು. ಲಗಮವ್ವ ಅದರಲ್ಲಿ ಕಲ್ಲು ಬಿಟ್ಟಳು. ಅವಳು ನಾಲ್ಕು ಹೆಜ್ಜೆ ಹಿಂದಕ್ಕೆ ಹೋದ ಮೇಲೆ ಕೆಂಚವ್ವ ಬಂದು ನೀರಿನಿಂದ ಕಲ್ಲನ್ನು ಎತ್ತಿಕೊಂಡಳು. ಒಳಗೆ ಗೋಡೆಯ ಮೇಲೆ ಬಸವಣ್ಣನ ದೊಡ್ಡ ಪಟ, ದಿನಾ ಹೂವು. ಬೋಗುಣಿ ಹೊರಗೆ. ಎರಡಕ್ಕೂ ಆ ಮನೆಯಲ್ಲಿ ಜಾಗ ಇತ್ತು. ಹೊರಗಿನಿಂದಲೇ ಲಗಮವ್ವ ಕಟ್ಟಳೆಗಳನ್ನೆಲ್ಲ ಗಟ್ಟಿ ದನಿಯಲ್ಲಿ ಒಪ್ಪಿಸಿದಳು, ಒಂದನ್ನೂ ಬಿಡಲಿಲ್ಲ.

ಅಂದಿನಿಂದ ಅವಳ ದವಡೆಯಲ್ಲಿ ಕಲ್ಲಿಲ್ಲ. ಹೊಲದಲ್ಲಿ ಹೊತ್ತು ಮಾರುದ್ದ ಏರುವ ಮೊದಲೇ ಗಂಟಲು ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಈ ಬೇಸಿಗೆ ನೀರಡಿಕೆ ಅಂದರೇನು ಎಂದು ಅವಳಿಗೆ ಚೆನ್ನಾಗಿ ಗೊತ್ತಾಗಿತ್ತು.

ಇನ್ನು ಆ ಮುಂಜಾನೆ. ಚೈತ್ರ ಮುಗಿಯುವ ಹೊತ್ತಿಗೆ ರಾಚವ್ವನಿಗೆ ವಾಂತಿ ಭೇದಿ ಹತ್ತಿ ಹಾಸಿಗೆ ಹಿಡಿದಿದ್ದಾಳೆಂದು ಕೇಳಿತ್ತು. ಹಿಂದಿನ ದಿನ ಮುಂಜಾನೆ ಕಾಡಪ್ಪನನ್ನು ಕರೆದು ಎಲ್ಲಿಗೋ ಕಳಿಸಿದ್ದರು. ಎಲ್ಲಿಗೆ ಎಂದು ಅವನು ಹೆಂಡತಿಗೂ ಹೇಳದೆ ಮೋರೆ ತಗ್ಗಿಸಿಕೊಂಡು ಹೋಗಿದ್ದ. ಇವತ್ತು ಹೊಲದಿಂದಲೇ ಅವಳನ್ನು ಕರೆಸಿದರು. ಬಂದು ವಿಮಾನ ನೋಡಿದವಳೇ ಅವಳು ಬಾಯಿ ಬಡಿದುಕೊಂಡದ್ದು.

ಅಂದಾನೆಪ್ಪ ಓಡಿ ಬಂದ. “ಏ ಒದರಬ್ಯಾಡಬೇ! ಅವ್ವ ಇನ್ನೂ ಹೋಗಿಲ್ಲ.”

ಲಗಮವ್ವನ ಕೈ ಬಾಯಿಯ ಮೇಲೆಯೇ ನಿಂತಿತು. “ಮತ್ತ ಇದೇನರಿ ಧಣೀ?” ಎಂದು ವಿಮಾನದ ಕಡೆ ನೋಡಿದಳು.

“ನೀ ಕಲ್ಲ ಬಿಚ್ಚಿದ ಮ್ಯಾಲ ಹೋಗತಾಳಲಾ. ನಾಳೆ ಅಮಾಸಿ, ಸ್ವಾಮ್ಯಾರು ನಾಡದ್ದ ಊರಾಗ ಇರೂದಿಲ್ಲ. ಅದಕ್ಕ ಇವತ್ತ ಮುಗಸೂನು ಅಂತ ಎಲ್ಲಾ ತಯಾರಿ ಮಾಡೇನಿ. ಕುಣಿನೂ ತೋಡ್ಯಾರ. ಬೈಲಹೊಂಗಲದ ಸಣ್ಣವ್ವ, ಸವದತ್ತಿ ಬೀಗರು ಎಲ್ಲಾರೂ ಹನ್ನೆರಡರ ಬಸ್ಸಿಗೆ ಬರತಾರ. ನಿನ್ನಿನ ನಿನ್ನ ಗಂಡನ್ನ ಕಳಿಸೇನಿ, ಸುದ್ದಿ ಹೇಳಿ ಬಾ ಅಂತ.”

“ಏನ ಸುದ್ದಿರಿ?”

“ಅವ್ವ ತೀರಿಕೊಂಡ್ಳು ಅಂತ.”

ಮೂವತ್ತು ವರ್ಷ ಗಂಡ ಸಾವಿನ ಸುದ್ದಿ ಹೊತ್ತದ್ದನ್ನು ಕಂಡವಳು ಲಗಮವ್ವ. ಸಾವಿಗಿಂತ ಒಂದು ದಿನ ಮುಂಚೆ ಸುದ್ದಿ ಹೋದದ್ದನ್ನು ಕಂಡಿರಲಿಲ್ಲ. ಅಂದಾನೆಪ್ಪ ಕೆಟ್ಟ ಮನುಷ್ಯನೇನಲ್ಲ, ಅದನ್ನೂ ಹೇಳಿಬಿಡಬೇಕು. ಅವ್ವ ನರಳುವುದನ್ನು ನೋಡಲಾರದೆ ಎರಡು ದಿನದಿಂದ ಅನ್ನ ಬಿಟ್ಟಿದ್ದ. ಆದರೆ ಲಗ್ನವಿರಲಿ ಶೀಮಂತವಿರಲಿ, ಹಿಂದಿನ ದಿನವೇ ಎಲ್ಲ ಜೋಡಿಸಿಡುವ ಮನುಷ್ಯ. ಅವ್ವನ ಸಾವನ್ನೂ ಹಾಗೆಯೇ ಜೋಡಿಸಿದ್ದ. ಉಳಿದದ್ದು ಒಂದು ಗಂಟು ಬಿಚ್ಚುವುದು ಮಾತ್ರ, ಅದು ಲಗಮವ್ವನ ಪಾಲಿನ ಕೆಲಸ.

“ಕೆಂಚವ್ವಾರ ಕಟ್ಟಿದ್ದು. ಅವ್ರ ಬಿಚ್ಚಲಿರಿ” ಎಂದಳು. ದನಿ ಸಣ್ಣದಾಗಿತ್ತು.

ಕೆಂಚವ್ವ ಬಾಗಿಲಲ್ಲೇ ನಿಂತಿದ್ದಳು. ಬೋಗುಣಿ ಇಟ್ಟು ಸರಿದು ನಿಲ್ಲುವ ಕೆಂಚವ್ವ, ಈಗ ಅಂಗಳಕ್ಕಿಳಿದು ಕೈ ಮುಗಿದಳು. “ನಾ ಬರೇ ಗಂಟ ಹಾಕೇನಿ ಲಗಮವ್ವಾ, ಕಲ್ಲ ನಿಂದು. ಬಿಚ್ಚಿದ್ರ ಬ್ಯಾನಿ ನನಗ ಹತ್ತತೈತಿ. ಒಳಗ ಬಾ, ನಿನ್ನ ಕಾಲ ಬೀಳತೇನಿ.”

ಒಳಗ ಬಾ! ಲಗಮವ್ವ ಹೊಸ್ತಿಲ ಮುಂದೆ ಬಂದು ನಿಂತಳು, ಕಾಲು ಮೇಲೆ ಏಳಲೊಲ್ಲದು. ಅವಳ ಅತ್ತೆ ದಾಟಿರಲಿಲ್ಲ, ಅತ್ತೆಯ ಅತ್ತೆ ದಾಟಿರಲಿಲ್ಲ. ಕೊಲ್ಲುವುದಕ್ಕಾದರೆ ದಾಟಬಹುದು ಎಂದು ಯಾರೂ ಹೇಳಿರಲಿಲ್ಲ. ಇಷ್ಟು ವರ್ಷ ಬಿಡುಗಡೆ ಎಂದು ತಿಳಿದದ್ದಕ್ಕೆ ಕೊಲ್ಲುವುದು ಎಂಬ ಹೆಸರೂ ಇರಬಹುದೆಂದು ಅವಳಿಗೆ ಹೊಳೆದದ್ದು ಆಗಲೇ, ಆ ಹೊಸ್ತಿಲ ಮುಂದೆಯೇ. ಆದರೂ ಕಾಲೆತ್ತಿ ಒಳಗಿಟ್ಟಳು.

ನಡುಮನೆಯ ಹಿಂದಿನ ಕೋಣೆಯಲ್ಲಿ ರಾಚವ್ವ ಮಲಗಿದ್ದಳು. ಕಣ್ಣು ಗುಳಿ ಬಿದ್ದು, ತುಟಿ ಬಿರಿದು, ಕೈ ಕಡ್ಡಿಯಾಗಿತ್ತು. ಎದೆಯ ಮೇಲೆ ಹಸಿರು ಕಲ್ಲು ಉಸಿರಿಗೆ ತಕ್ಕಂತೆ ಏರಿ ಇಳಿಯುತ್ತಿತ್ತು. ಸುತ್ತ ನಾಲ್ಕೈದು ಹೆಂಗಸರು. ಎಲ್ಲರ ಸೆರಗೂ ಬಾಯಿಗೆ ಬಂದು ಸಿದ್ಧವಾಗಿತ್ತು.

ಲಗಮವ್ವ ಕುಳಿತು ಗಂಟಿಗೆ ಕೈ ಹಾಕಿದಳು. ಆಗ ರಾಚವ್ವನ ಕೈ ಎದ್ದಿತು. ಎದ್ದು ಲಗಮವ್ವನ ಮುಂಗೈಯನ್ನು ಹಿಡಿದುಕೊಂಡಿತು. ಅಷ್ಟು ಒಣಗಿದ ಕೈಯಲ್ಲಿ ಅಷ್ಟು ಕಸುವು ಎಲ್ಲಿತ್ತೋ! ಮುದುಕಿ ಕಣ್ಣು ತೆರೆದಳು. ನಾಲಿಗೆ ಹೊರಗೆ ಬಂದು ತುಟಿಯ ಮೇಲೆ ಆಡಿತು. ಕಣ್ಣು ಮೂಲೆಯ ಕಡೆ ಹೊರಳಿತು, ಮತ್ತೆ ಲಗಮವ್ವನ ಮುಖಕ್ಕೆ ಬಂತು, ಮತ್ತೆ ಮೂಲೆಗೆ ಹೋಯಿತು.

“ಸಾವ್ಕಾರ್ರು ಬಂದು ಮೂಲ್ಯಾಗ ನಿಂತಾರ, ಕರಿಯಾಕ ಬಂದಾರ. ಬಿಚ್ಚ ಲಗಮವ್ವಾ” ಎಂದಳು ಕೆಂಚವ್ವ.

ಲಗಮವ್ವ ಮೂಲೆ ನೋಡಿದಳು. ಅಲ್ಲಿ ಯಾವ ಸಾವ್ಕಾರರೂ ಇರಲಿಲ್ಲ. ತಾಮ್ರದ ಕೊಡ ಇತ್ತು, ಅದರ ಮೇಲೆ ತಂಬಿಗೆ ಬೋರಲಾಗಿತ್ತು. ಹೊಲದಿಂದ ನೇರ ಬಂದಿದ್ದ ಅವಳ ಗಂಟಲೂ ಒಣಗಿ ಕಟ್ಟಿಗೆಯಾಗಿತ್ತು. ಆ ಕೊಡ ಕಂಡದ್ದೇ ತಡ, ಅವಳ ನಾಲಿಗೆಯೂ ಅವಳಿಗೆ ಗೊತ್ತಿಲ್ಲದೆ ತುಟಿಯ ಮೇಲೆ ಆಡಿತು. ರಾಚವ್ವನ ನಾಲಿಗೆ ಆಡಿದ ಹಾಗೆಯೇ ಆಡಿತು.

ಅವಳು ಹೌಹಾರಿದಳು. “ಯವ್ವಾ, ಇವ್ರಿಗೆ ನೀರ ಯಾವಾಗ ಕೊಟ್ಟೀರಿ?”

“ನೀರಾ?” ಕೆಂಚವ್ವ ಕಣ್ಣು ಕಣ್ಣು ಬಿಟ್ಟಳು. “ಮೂರ ದಿನಾ ಆತು, ಒಂದ ಹನಿ ಹಾಕಿಲ್ಲ. ಕಲ್ಲ ಕಟಗೊಂಡವ್ರಿಗೆ ನೀರಡಿಕಿ ಆಗೂದಿಲ್ಲ, ಬ್ಯಾನಿ ಜೋರಾದ್ರ ನೀರ ಹಾಕಬ್ಯಾಡ್ರಿ, ತಂಪಿಗಿ ತಂಪ ಕೂಡತೈತಿ ಅಂತ ನೀನ ಹೇಳಿದ್ದೆಲಾ. ಅಂಕಣದ ಬಾಗಲದಾಗ ನಿಂತು ಹೇಳಿದ್ದಿ. ನಾ ಒಂದೂ ತಪ್ಪಿಲ್ಲ.”

ಸಿಡಿಲು ಬಡಿಯುವುದು ಅಂದರೆ ಅದೇ. ಹೇಳಿದ್ದಳು. ಗಟ್ಟಿ ದನಿಯಲ್ಲಿ ಹೇಳಿದ್ದಳು, ಇಡೀ ಅಂಕಣಕ್ಕೆ ಕೇಳುವಂತೆ. ವಾಂತಿ ಭೇದಿಯಾಗಿ ಮೈಯೊಳಗಿನ ನೀರೆಲ್ಲ ಹೋದ ಮುದುಕಿಗೆ ಚೈತ್ರದ ಬಿಸಿಲಲ್ಲಿ ಮೂರು ದಿನ ನೀರಿಲ್ಲ. ಈ ಮನೆಯಲ್ಲಿ ಅವಳ ನೆರಳು ಬೇಡ, ಅವಳು ಮುಟ್ಟಿದ್ದು ಬೇಡ. ಆದರೆ ಅವಳ ಮಾತನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದ್ದರು.

“ಆ ತಂಬಿಗಿ ತುಂಬಿ ಕೊಡ್ರಿ” ಎಂದಳು.

ಯಾರೂ ಅಲುಗಾಡಲಿಲ್ಲ. ಕೆಂಚವ್ವ, “ಎದಿ ಕಲ್ಲಾಗತೈತಿ. ನಾ ಕೊಡಾಂಗಿಲ್ಲ” ಎಂದಳು.

ಲಗಮವ್ವ ಎದ್ದಳು. ಮೂಲೆಗೆ ಹೋದಳು. ತಂಬಿಗೆ ಎತ್ತಿ, ದೊಡ್ಡ ಮನೆಯ ಕುಡಿಯುವ ನೀರಿನ ಕೊಡದೊಳಗೆ ಮೊಣಕೈ ಮುಳುಗುವಷ್ಟು ಕೈ ಹಾಕಿ ತುಂಬಿಕೊಂಡಳು. ಹೆಂಗಸರು ಒಮ್ಮೆಲೇ ಅಯ್ಯಯ್ಯೋ ಎಂದರು. ಸಾಯುವವರಿಗೆ ಎಂದು ಬಾಯಿಗೆ ತಂದಿಟ್ಟುಕೊಂಡಿದ್ದ ಸೆರಗಿಗೆ ಮೈಲಿಗೆಯಾದ ಕೊಡಕ್ಕಾಗಿ ಅಳುವ ಹೊತ್ತು ಬಂದಿತ್ತು. ಒಬ್ಬಳು ಅಂದಾನೆಪ್ಪನನ್ನು ಕರೆಯಲು ಓಡಿದಳು.

ಲಗಮವ್ವ ಮುದುಕಿಯ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡು ಬೊಗಸೆಯಿಂದ ಹನಿ ಹನಿ ಬಿಟ್ಟಳು. ಮೊದಲ ಗುಟುಕು ಕಟಬಾಯಿಯಿಂದ ಹೊರಗೆ ಹರಿಯಿತು. ಎರಡನೆಯದು ಗಂಟಲಲ್ಲಿ ಗುಳುಕ್ಕೆಂದಿತು. ಮೂರನೆಯದಕ್ಕೆ ರಾಚವ್ವನೇ ಬಾಯಿ ಚಾಚಿದಳು. ಅಂದಾನೆಪ್ಪ ಬಾಗಿಲಿಗೆ ಬಂದು ಏನೋ ಕೂಗಲು ಬಾಯಿ ತೆರೆದವನು ತನ್ನ ಅವ್ವ ಕರುವಿನ ಹಾಗೆ ಚಪ್ಪರಿಸುವುದನ್ನು ನೋಡಿ ಹಾಗೆಯೇ ಕಲ್ಲುಕಂಬವಾದ.

“ಉಪ್ಪು ಬೆಲ್ಲಾ ತರ್ರಿ, ಗಂಜಿ ಇಡ್ರಿ. ನಿಂತೇನ ನೋಡತೀರಿ!” ಎಂದು ಲಗಮವ್ವ ದೊಡ್ಡ ಮನೆಯ ಒಳಕೋಣೆಯಲ್ಲಿ ಕೂತು ದೊಡ್ಡ ಮನೆಯವರ ಮೇಲೆ ಹರಿಹಾಯ್ದಳು. ಅವರು ತಂದರು. ಅಷ್ಟು ಗಾಬರಿಯಲ್ಲಿ ಯಾರು ಯಾರಿಗೆ ಹೇಳುತ್ತಿದ್ದಾರೆಂಬುದು ಯಾರ ನೆನಪಿನಲ್ಲೂ ಇರಲಿಲ್ಲ.

ಹನ್ನೆರಡರ ಬಸ್ಸು ಮಾತ್ರ ಸರಿಯಾಗಿ ಬಂತು, ಇಂಥ ದಿನಗಳಲ್ಲಿ ಅದು ತಪ್ಪುವುದಿಲ್ಲ. ಬೈಲಹೊಂಗಲದ ಸಣ್ಣವ್ವ, ಅಂದರೆ ರಾಚವ್ವನ ತಂಗಿ, ಊರ ಅಗಸಿಬಾಗಿಲಿಂದಲೇ ಹಾಡಿ ಹಾಡಿ ಅಳುತ್ತ, ಹಿಂದೆ ಹದಿನೈದು ಮಂದಿಯನ್ನು ಕಟ್ಟಿಕೊಂಡು ನಡುಮನೆಗೆ ನುಗ್ಗಿದಳು. ಗಾಳಿಗೆಂದು ಅಲ್ಲಿಗೆ ತಂದು ಕೂರಿಸಿದ್ದ, ಗೋಡೆಗೆ ಒರಗಿ ಗಂಜಿ ಕುಡಿಯುತ್ತಿದ್ದ ರಾಚವ್ವ ತಲೆ ಎತ್ತಿ, ಕೀರಲು ದನಿಯಲ್ಲಿ, “ಯಾರ ಸತ್ತಾರ?” ಎಂದಳು.

ತಂಗಿ ನಿಂತಲ್ಲೇ ಕುಸಿದಳು. ಅವಳ ಮುಖಕ್ಕೂ ನೀರು ಹೊಡೆಯಬೇಕಾಯಿತು. ರಾಚವ್ವ ತೆರೆದ ಬಾಗಿಲಿನಿಂದ ಅಂಗಳ ನೋಡಿದಳು. ವಿಮಾನ ಕಂಡಿತು. ಬಹಳ ಹೊತ್ತು ನೋಡಿದಳು. ಆಮೇಲೆ ಮಗನ ಮುಖ ನೋಡಿದಳು. “ಅಷ್ಟ ಅವಸರಿದ್ರ ನೀನ ಹತ್ತಿ ಕುಂದರಪಾ” ಎಂದಳು. ಅಂದಾನೆಪ್ಪ ಅವ್ವನ ಕಾಲಿನ ಹತ್ತಿರ ಕುಳಿತು ಮುಖ ಮುಚ್ಚಿಕೊಂಡು ಅತ್ತ.

ಆಮೇಲೆ ರಾಚವ್ವ ಎದೆಯ ಮೇಲಿನ ಗಂಟನ್ನು ತಾನೇ ಬಿಚ್ಚತೊಡಗಿದಳು. ಕೆಂಚವ್ವ ಚಿಟ್ಟನೆ ಚೀರಿದಳು. ಕೆಲವರು ಕಣ್ಣು ಮುಚ್ಚಿಕೊಂಡರು. ಲಗಮವ್ವನೂ ಮುಚ್ಚಿಕೊಂಡಳು, ಸುಳ್ಳು ಯಾಕೆ ಹೇಳಬೇಕು. ನೂಲು ಕಡಿಯಿತು. ಏನೂ ಆಗಲಿಲ್ಲ. ಹೊರಗೆ ಒಂದು ಎಮ್ಮೆ ಒದರಿತು, ರಾಚವ್ವ ತೇಗಿದಳು, ಅಷ್ಟೇ. “ಒಯ್ಯ ಲಗಮಿ ಇದನ್ನ” ಎಂದು ಮುದುಕಿ ಕಲ್ಲನ್ನು ಅವಳ ಅಂಗೈಯೊಳಗೆ ಇಟ್ಟಳು. ಬೋಗುಣಿಯಲ್ಲಿ ಅಲ್ಲ, ಅಂಗೈಯಲ್ಲಿ.

ಸಂಜೆಗೆ ಆ ತಾಮ್ರದ ಕೊಡವನ್ನು ಹುಣಸೆಹಣ್ಣು ಹಚ್ಚಿ ಮೂರು ಸಲ ತಿಕ್ಕಿದರು. ಅದನ್ನೂ ಹೇಳಬೇಕು, ಇಲ್ಲದಿದ್ದರೆ ಕತೆ ಬಹಳ ಚಲೋ ಆಗಿಬಿಡುತ್ತದೆ. ತೋಡಿದ ಕುಣಿಯನ್ನು ಬರಿದೆ ಮುಚ್ಚಬಾರದೆಂದು ಒಂದು ಕುಂಬಳಕಾಯಿ ಇಟ್ಟು ಮಣ್ಣೆಳೆದರು. ರಾಚವ್ವ ಮುಂದೆ ಐದು ವರ್ಷ ಬದುಕಿದಳು. ಬದುಕಿದ್ದಷ್ಟು ದಿನವೂ ತಲೆದಿಂಬಿನ ಹತ್ತಿರ ತುಂಬಿದ ತಂಬಿಗೆ ಇರಬೇಕೆಂದು ಸೊಸೆಯ ಜೀವ ತಿಂದಳು.

ಲಗಮವ್ವನನ್ನು ಆಮೇಲೂ ಊರೂರಿನವರು ಕರೆಯುತ್ತಿದ್ದರು. ಎದೆ ಹಾರಿದರೆ ಕಟ್ಟು ಎಂದರೆ ಕಲ್ಲು ಒಡೆದು ಹೋಯಿತು ಎನ್ನುತ್ತಿದ್ದಳು. ಒಡೆದಿರಲಿಲ್ಲ, ಜಂತಿಯ ಸಂದಿಯಲ್ಲಿ ಬಟ್ಟೆ ಸುತ್ತಿ ತುರುಕಿಟ್ಟಿದ್ದಳು. ಸಾಯುವವರಿದ್ದಾರೆ ಎಂದರೆ ಮಾತ್ರ, ಕರೆಯದಿದ್ದರೂ ಹೋಗುತ್ತಿದ್ದಳು, ಕೈಯಲ್ಲಿ ತನ್ನ ಮನೆಯ ನೀರಿನ ತಂಬಿಗೆ ಹಿಡಿದು. ಕುಡಿಸಗೊಟ್ಟವರ ಮನೆಯಲ್ಲಿ ಅರಳೆಯಿಂದ ಹನಿ ಹನಿ ಬಿಡುತ್ತ ಗಂಟೆಗಟ್ಟಲೆ ಕೂರುತ್ತಿದ್ದಳು. ಬಾಗಿಲಲ್ಲೇ ನಿಲ್ಲಿಸಿದವರ ಮನೆಯಲ್ಲಿ, “ನೀವರ ಕುಡಸ್ರಿ, ಕುಡಸೂ ತನಕಾ ನಾ ಹೋಗಾಂಗಿಲ್ಲ” ಎಂದು ಅಂಗಳದಲ್ಲಿ ಕುಳಿತುಬಿಡುತ್ತಿದ್ದಳು. ಈ ಹೆಂಗಸಿಗೆ ನೀರಿನ ಹುಚ್ಚು ಹಿಡಿದಿದೆ ಎಂದು ಜನ ನಕ್ಕರು. ಯಾಕೆಂದು ಬಲ್ಲವನು ಕಾಡಪ್ಪ ಒಬ್ಬನೇ.

ಅದು ರಾಚವ್ವ ನೀರು ಕುಡಿದು ಎದ್ದ ದಿನದ ಮಾತು. ಬಿಸಿಲು ಇಳಿಯುವ ಹೊತ್ತಿಗೆ ಕಲ್ಲನ್ನು ಮುಷ್ಟಿಯಲ್ಲಿ ಹಿಡಿದು ಅವಳು ಕೇರಿಗೆ ಬಂದಳು. ಮನಸ್ಸಿನೊಳಗೆ ಒಂದು ಕಡೆ ಉಬ್ಬು, ಒಂದು ಜೀವ ಉಳಿಸಿದೆನಲ್ಲ ಎಂದು. ಕಾಡಪ್ಪ ಬೈಲಹೊಂಗಲದಿಂದ ಬಂದು ಕಟ್ಟೆಯ ಮೇಲೆ ಕಂಬಳಿ ಕೊಡವುತ್ತಿದ್ದ. ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. “ನನ್ನ ಬಾಯಿಲೆ ಸುಳ್ಳ ಹೇಳಿಸಿದ್ರು. ಸೋಮ್ಯಾನ ಮಾತ ಖರೇ ಐತಿ, ಇನ್ನ ಯಾರ ಸುದ್ದಿನೂ ಒಯ್ಯಾಂಗಿಲ್ಲ” ಎಂದ. ಆಮೇಲೆ ಹೆಂಡತಿಯನ್ನು ನೋಡಿ, “ನೀ ಚಲೋ ಮಾಡಿದಿ ಬಿಡು” ಎಂದು ನಕ್ಕ.

ಲಗಮವ್ವನೂ ನಗುತ್ತ ಒಳಗೆ ಹೋದಳು. ಬಿಸಿಲಿನಿಂದ ಬಂದ ಕಣ್ಣಿಗೆ ಒಳಗೆ ಕತ್ತಲು. ನೀರು ಕುಡಿಯಬೇಕೆಂದು ತಿರುಗಿದಳು. ಅತ್ತೆ ಮಲಗುತ್ತಿದ್ದ ಜಾಗದಲ್ಲಿ ನಿಂತು ಮೂಲೆಯ ಕಡೆ ನೋಡಿದಳು.

ಮೂಲೆಯಲ್ಲಿ ಗಡಿಗೆ ಇತ್ತು. ಅವಳು ಮದುವೆಯಾಗಿ ಬಂದ ದಿನದಿಂದ ಆ ಮನೆಯಲ್ಲಿ ನೀರಿನ ಗಡಿಗೆಯ ಜಾಗ ಅದೇ.

ಕಲ್ಲು ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಸದ್ದು ಕೇಳಿ ಕಾಡಪ್ಪ ಒಳಗೆ ಬಂದ. ಹೆಂಡತಿ ಒಂದು ಕೈಯಿಂದ ಇನ್ನೊಂದು ಮುಂಗೈಯನ್ನು ಹಿಡಿದುಕೊಂಡು, ಅಲುಗಾಡದೆ ನಿಂತಿದ್ದಳು. “ಏನಾತಬೇ?” ಎಂದು ಕೇಳಿದ. ಅವಳು ಮೂಲೆಯಿಂದ ಕಣ್ಣು ತೆಗೆಯಲಿಲ್ಲ.

“ಅತ್ತಿ ನೀರ ಕೇಳಿದ್ಲು” ಎಂದಳು. “ನಾ ಬಿಚ್ಚಿದೆ.”

ಕಾಡಪ್ಪ ಗಡಿಗೆ ನೋಡಿದ, ತನ್ನ ತಾಯಿ ಮಲಗುತ್ತಿದ್ದ ನೆಲ ನೋಡಿದ. ಆಮೇಲೆ ಅಲ್ಲೇ ಕುಳಿತುಬಿಟ್ಟ. ಲಗಮವ್ವ ಒಂದು ತಂಬಿಗೆ ನೀರು ತುಂಬಿ ತಂದು ಆ ಬರಿದಾದ ನೆಲದಲ್ಲಿ ಅತ್ತೆಯ ತಲೆ ಇರುತ್ತಿದ್ದ ಕಡೆ ಇಟ್ಟಳು.